ಮೇಲಿನವರಿಗೆ ‘ಬೇಗ’ ಎನ್ನುವುದು ಹೇಗೆ?

ಹರಿ ಅಪ್, ಚಾಪ್ ಚಾಪ್, ಗೆಟ್ ಎ ಮೂವ್ ಆನ್, ಲುಕ್ ಶಾರ್ಪ್, ಮೇಕ್ ಇಟ್ ಸ್ನ್ಯಾಪಿ, ಸ್ಟೆಪ್ ಆನ್ ಇಟ್, ಗೆಟ್ ಯುವರ್ ಸ್ಕೇಟ್ಸ್ ಆನ್. ಎದುರಿಗಿರುವವರ ಕೈಕಾಲು ಚುರುಕುಗೊಳಿಸಲು ಇಂಗ್ಲಿಷಿನವರು ದಿನಾ ಆಡುವ ಮಾತುಗಳಲ್ಲಿ ಇವು ಕೆಲವು. ಪಟ್ಟಿಯನ್ನು ಇನ್ನೂ ಬೇಕಾದಷ್ಟು ಬೆಳೆಸಬಹುದು. ಆದರೆ ಎಷ್ಟು ಬೆಳೆಸಿದರೂ ಅದರಲ್ಲೊಂದು ಜಾಗ ಖಾಲಿ ಉಳಿಯುತ್ತದೆ. ಅದನ್ನು ನನಗೆ ತೋರಿಸಿಕೊಟ್ಟವಳು ಹರಪನಹಳ್ಳಿ ಕಡೆಯ ಒಬ್ಬ ನರ್ಸು.

ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ಈಗ ದಾವಣಗೆರೆಯಲ್ಲಿ, ಸಂಜೆ ಹೊತ್ತು, ವಿದೇಶಕ್ಕೆ ಹೊರಟಿರುವ ನರ್ಸುಗಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹಗಲು ಪಾಳಿ ಮುಗಿಸಿ, ಊಟದ ಡಬ್ಬಿಯ ಬ್ಯಾಗು ತೂಗಿಸಿಕೊಂಡು ನೇರ ತರಗತಿಗೆ ಬರುವ ಹುಡುಗಿಯರು, ಒಂದಿಬ್ಬರು ಹುಡುಗರು. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಣಿಯಾಗಬೇಕಾದರೆ ಐಇಎಲ್‌ಟಿಎಸ್ ಪರೀಕ್ಷೆಯ ಓದು, ಕೇಳು, ಮಾತು ಮೂರರಲ್ಲೂ 7, ಬರಹದಲ್ಲಿ 6.5 ಅಂಕ ಬೇಕು. ಇಲ್ಲವೇ ಆರೋಗ್ಯ ಸಿಬ್ಬಂದಿಗೆಂದೇ ಇರುವ ಒಇಟಿ ಪಾಸಾಗಬೇಕು. ವ್ಯಾಕರಣ ಅವರಿಗೆ ಬರುತ್ತದೆ. ಬಾರದಿರುವುದು ವಾರ್ಡಿನಲ್ಲಿ, ಓಣಿಯಲ್ಲಿ, ಬಸ್ಸಿನಲ್ಲಿ ಜನ ಆಡುವ ಇಂಗ್ಲಿಷು. ಅದಕ್ಕೇ ಒಂದು ಸಂಜೆ ಈ ಅವಸರದ ಮಾತುಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಯಾರು ಯಾರಿಗೆ ಹೇಳಬಹುದು ಎಂದು ತುಂಬಿಸಿ ಎಂದೆ.

ತುಂಬಿಸಿದರು. ತಾಯಿ ಮಗುವಿಗೆ. ಹೋಟೆಲ್ ಮಾಲೀಕ ಮಾಣಿಗೆ. ಸಾರ್ಜೆಂಟ್ ಸಿಪಾಯಿಗೆ. ಟ್ಯಾಕ್ಸಿ ಹತ್ತಿದವರು ಚಾಲಕನಿಗೆ. ಹೆಡ್ ನರ್ಸ್ ಆಯಾಗೆ. ಆಗ ಹರಪನಹಳ್ಳಿಯ ಹುಡುಗಿ ಎದ್ದು ನಿಂತು, ‘ಮೇಡಂ, ರಾತ್ರಿ ಡ್ಯೂಟಿಯಾಗ ಪೇಶೆಂಟ್ ಕೆಟ್ರೆ ಡಾಕ್ಟ್ರಿಗೆ ಇದ್ರಾಗ ಯಾವ್ದು ಹೇಳ್ಬೇಕ್ರಿ?’ ಎಂದಳು.

ಬೋರ್ಡಿನ ಮೇಲೆ ಅಂಥದ್ದು ಒಂದೂ ಇರಲಿಲ್ಲ. ಇಡೀ ಪಟ್ಟಿ ಮೇಲಿನಿಂದ ಕೆಳಕ್ಕೆ ಇಳಿಯುವಂಥದ್ದು.

ಅದು ಹೀಗೇ ಇರುವುದು ಆಕಸ್ಮಿಕವಲ್ಲ. ಈ ಮಾತುಗಳು ಹುಟ್ಟಿದ ಜಾಗಗಳನ್ನು ನೋಡಿ. ‘ಅಟ್ ದ ಡಬಲ್’ ಬಂದದ್ದು ಕವಾಯತು ಮೈದಾನದಿಂದ. ಮಾಮೂಲಿ ನಡಿಗೆ ಬಿಟ್ಟು ಓಡುನಡಿಗೆಗೆ ಬನ್ನಿ ಎನ್ನುವ ಆಜ್ಞೆ ಅದು. ‘ಶೋ ಎ ಲೆಗ್’ ಎನ್ನುವುದು ಹಡಗಿನಲ್ಲಿ ಮಲಗಿದ ನಾವಿಕರನ್ನು ಎಬ್ಬಿಸುವ ಕೂಗು. ‘ಸ್ಟೆಪ್ ಆನ್ ಇಟ್’ ಮೋಟಾರು ಬಂದ ಮೇಲಿನದು. ಹಿಂದೆ ಕೂತವನು ಹೇಳುತ್ತಾನೆ, ಮುಂದೆ ಕೂತವನು ಪೆಡಲ್ ಒತ್ತುತ್ತಾನೆ. ‘ಚಾಪ್ ಚಾಪ್’ ಚೀನಾದ ಕ್ಯಾಂಟನ್ ಬಂದರಿನಲ್ಲಿ ವ್ಯಾಪಾರಕ್ಕೆಂದು ಬೆಳೆದ ಬೆರಕೆ ಇಂಗ್ಲಿಷಿನ ಮಾತು. ಊಟದ ಚಾಪ್‌ಸ್ಟಿಕ್ಕಿನಲ್ಲಿರುವುದೂ ‘ಬೇಗ’ ಎಂಬ ಅರ್ಥದ ಈ ಚಾಪ್ ಎಂದೇ ನಿಘಂಟುಗಳು ಹೇಳುತ್ತವೆ. ಬಿಳಿಯ ವ್ಯಾಪಾರಿ ಆಳುಕಾಳುಗಳ ಮುಂದೆ ಈ ಮಾತು ಆಡಿ ಆಡಿ ಅದಕ್ಕೆ ಎಂಥ ವಾಸನೆ ಹತ್ತಿತೆಂದರೆ, ಇವತ್ತು ಇಂಗ್ಲೆಂಡಿನಲ್ಲಿ ಚೀನಾ ಮೂಲದವರ ಎದುರು ಚಾಪ್ ಚಾಪ್ ಅಂದರೆ ಅವಮಾನವಾಗುತ್ತದೆ. ನಮ್ಮ ಹುಡುಗಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ಅವರು ಕೆಲಸ ಮಾಡುವ ವಾರ್ಡಿನಲ್ಲಿ ಎಲ್ಲ ದೇಶದವರೂ ಇರುತ್ತಾರೆ.

ನಮ್ಮ ಕಡೆಯಿಂದ ಹೋದ ಮಾತೂ ಒಂದಿದೆ. ಹಿಂದೂಸ್ತಾನಿಯ ‘ಜಲ್ದಿ’. ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಅದನ್ನು ‘ಜಿಲ್ಡಿ’ ಮಾಡಿಕೊಂಡು ತಮ್ಮ ಬ್ಯಾರಕ್ಕಿನ ಭಾಷೆಗೆ ಸೇರಿಸಿಕೊಂಡರು. ಕಿಪ್ಲಿಂಗ್ 1890ರಲ್ಲಿ ಬರೆದ ‘ಗಂಗಾ ದಿನ್’ ಪದ್ಯದಲ್ಲೂ ಅದು ಬರುತ್ತದೆ. ಅಲ್ಲಿ ಯಾರು ಯಾರಿಗೆ ಜಲ್ದಿ ಎನ್ನುತ್ತಾರೆ? ಬಿಳಿ ಸೈನಿಕರು, ಗುಂಡಿನ ಮಳೆಯಲ್ಲೂ ಅವರಿಗೆ ನೀರು ಹೊತ್ತು ತರುವ ಭಿಸ್ತಿಗೆ. ಅವನು ಅವರಿಗೆ ತಿರುಗಿ ಜಲ್ದಿ ಅನ್ನುವಂತಿಲ್ಲ.

ಬೈಗುಳವಾದರೂ ಕೆಲವೊಮ್ಮೆ ಮೇಲಿನವರ ಕಿವಿಗೆ ಬೀಳುತ್ತದೆ. ಅವಸರದ ಮಾತು ಅಷ್ಟೂ ಬೀಳುವುದಿಲ್ಲ. 1961ರಲ್ಲಿ ಪ್ರಿನ್ಸ್ ಫಿಲಿಪ್ ಬ್ರಿಟನ್ನಿನ ಉದ್ಯಮಿಗಳ ಸಭೆಯಲ್ಲಿ, ನಾವು ಬೆರಳು ಹೊರಗೆಳೆದುಕೊಳ್ಳುವ ಹೊತ್ತು ಬಂತು, ಅಂದರೆ ಇನ್ನಾದರೂ ಚುರುಕಾಗಬೇಕು ಎಂಬರ್ಥದ, ಪಡಸಾಲೆಯಲ್ಲಿ ಆಡಬಾರದ ನುಡಿಗಟ್ಟನ್ನು ಬಳಸಿಬಿಟ್ಟ. ದೊಡ್ಡ ಸುದ್ದಿಯಾಯಿತು. ಕಾರ್ಖಾನೆಯ ಮೇಸ್ತ್ರಿ ಇದೇ ಮಾತನ್ನು ದಿನಾ ಕೂಲಿಯವನಿಗೆ ಹೇಳುತ್ತಿದ್ದ, ಅದು ಯಾವ ಪತ್ರಿಕೆಗೂ ಸುದ್ದಿಯಾಗಿರಲಿಲ್ಲ. ಮಾಲೀಕರಿಗೇ ಹೇಳಿದ್ದು ಸುದ್ದಿ. ಹಾಗೆ ಹೇಳಲಿಕ್ಕೂ ರಾಣಿಯ ಗಂಡನೇ ಬೇಕಾಯಿತು.

ಹಾಗಾದರೆ ಕೆಳಗಿನವರು ಮೇಲಿನವರನ್ನು ಅವಸರಪಡಿಸಬೇಕಾದರೆ ಇಂಗ್ಲಿಷಿನಲ್ಲಿ ಏನು ಮಾಡುತ್ತಾರೆ? ಅವಸರವನ್ನೇ ಬಚ್ಚಿಡುತ್ತಾರೆ. ‘ವೆನ್ ಯು ಗೆಟ್ ಎ ಮಿನಿಟ್’, ‘ನೋ ರಶ್, ಬಟ್’, ‘ಜಸ್ಟ್ ವಂಡರಿಂಗ್’, ‘ಅಟ್ ಯುವರ್ ಅರ್ಲಿಯೆಸ್ಟ್ ಕನ್ವೀನಿಯನ್ಸ್’. ಅವಸರವೇನಿಲ್ಲ ಎಂದು ಹೇಳುತ್ತಲೇ ಅವಸರ ಮಾಡಿ ಎಂದು ಬೇಡಿಕೊಳ್ಳುವ ಮಾತುಗಳಿವು. ನಮ್ಮ ಕಚೇರಿಗಳ ಇಂಗ್ಲಿಷಂತೂ ಈ ಎರಡು ದಿಕ್ಕನ್ನು ಚೊಕ್ಕವಾಗಿ ಬೇರ್ಪಡಿಸಿಟ್ಟಿದೆ. ಬೆಂಗಳೂರಿನ ಕಂಪನಿಯೊಂದರಲ್ಲಿರುವ ನನ್ನ ಅಕ್ಕನ ಮಗನಿಗೆ ಮ್ಯಾನೇಜರಿಂದ ಬರುವುದು ‘ಎಎಸ್‌ಎಪಿ’, ‘ಬೈ ಇಒಡಿ’. ಅವನು ತನ್ನ ಪ್ರಯಾಣದ ಬಿಲ್ಲಿನ ಹಣಕ್ಕಾಗಿ ಮೇಲಕ್ಕೆ ಕಳಿಸುವುದು ‘ಜೆಂಟಲ್ ರಿಮೈಂಡರ್’. ಎಎಸ್‌ಎಪಿ ಅಂದರೆ ಆದಷ್ಟು ಬೇಗ, ಇಒಡಿ ಅಂದರೆ ದಿನದ ಕೊನೆ. ಆದರೆ ಯಾರ ದಿನ? ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಸಂಜೆ 5 ಗಂಟೆಯಾದಾಗ ಬೆಂಗಳೂರಿನಲ್ಲಿ ಮಾರನೇ ದಿನದ ನಸುಕಿನ 2.30. ಕೇಳಲು ಅವನು ಹೋಗುವುದಿಲ್ಲ, ಕೂತು ಮುಗಿಸುತ್ತಾನೆ. ಕೆಳಕ್ಕೆ ಬರುವಾಗ ಆಜ್ಞೆ, ಮೇಲಕ್ಕೆ ಹೋಗುವಾಗ ಮೆಲ್ಲನೆಯ ಜ್ಞಾಪನೆ.

ಕನ್ನಡದಲ್ಲೂ ಇದು ಬೇರೆಯಲ್ಲ. ನಮ್ಮೂರ ಬೆಣ್ಣೆದೋಸೆ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತ ಯಜಮಾನರು ಹುಡುಗನಿಗೆ, ‘ಏ, ಮೂರ್ನೇ ಟೇಬಲ್ ಜಲ್ದಿ!’ ಅನ್ನುತ್ತಾರೆ. ಹುಡುಗ ಹೋಗಿ ಕಾವಲಿಯ ಮುಂದೆ ಬೆವರುತ್ತ ನಿಂತ ಭಟ್ಟರಿಗೆ ಜಲ್ದಿ ಅನ್ನುವುದಿಲ್ಲ. ‘ಅಣ್ಣಾ, ಮೂರ್ನೇ ಟೇಬಲ್ನೋರು ಆಗ್ಲಿಂದ ಕುಂತಾರೆ’ ಅನ್ನುತ್ತಾನೆ. ಬರೀ ವರದಿ ಒಪ್ಪಿಸುತ್ತಾನೆ, ಅರ್ಥ ಮಾಡಿಕೊಳ್ಳುವುದು ಭಟ್ಟರಿಗೆ ಬಿಟ್ಟದ್ದು. ದೋಸೆಯ ವಿಷಯದಲ್ಲಿ ಇಷ್ಟು ಸಾಕು. ತಡವಾದರೆ ಗಿರಾಕಿ ಗೊಣಗುತ್ತಾನೆ, ಅಷ್ಟೆ.

ಜೀವದ ವಿಷಯದಲ್ಲಿ ಸಾಲದು. 1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ಹೊರಟ ಏವಿಯಾಂಕಾ 52 ವಿಮಾನ ನ್ಯೂಯಾರ್ಕಿನ ಆಕಾಶದಲ್ಲಿ ಸುತ್ತು ಹೊಡೆಯುತ್ತಿತ್ತು. ಹವಾಮಾನ ಕೆಟ್ಟಿದ್ದರಿಂದ ಬೇರೆ ಬೇರೆ ಕಡೆ ಸೇರಿ ಒಟ್ಟು 1 ಗಂಟೆ 17 ನಿಮಿಷ ಕಾಯಿಸಿದ್ದರು. ಇಂಧನ ಮುಗಿಯುತ್ತ ಬಂದಿತ್ತು. ಸಹಪೈಲಟ್ ನೆಲದ ಮೇಲಿನ ನಿಯಂತ್ರಕರಿಗೆ ಇಂಗ್ಲಿಷಿನಲ್ಲಿ ಆದ್ಯತೆ ಕೊಡಿ ಎಂದು ಕೇಳಿದ, ಇಂಧನ ತೀರುತ್ತಿದೆ ಎಂದೂ ತಿಳಿಸಿದ. ‘ಎಮರ್ಜೆನ್ಸಿ’ ಎಂಬ ಒಂದು ಪದವನ್ನು ಮಾತ್ರ ಆಡಲಿಲ್ಲ. ಆ ಪದ ಆಡಿದ್ದರೆ ಉಳಿದ ವಿಮಾನಗಳನ್ನು ಬದಿಗೆ ಸರಿಸಿ ಇದನ್ನು ಇಳಿಸಲೇಬೇಕಿತ್ತು. ಉಳಿದ ಮಾತುಗಳಿಗೆ ಅಂಥ ಕಟ್ಟುಪಾಡು ಇರಲಿಲ್ಲ. ಒಮ್ಮೆ ಇಳಿಯಲು ಹೋಗಿ ಆಗದೆ ಮೇಲೇರಿದ ವಿಮಾನ ಎಂಜಿನ್ನುಗಳು ಒಣಗಿ ಲಾಂಗ್ ಐಲೆಂಡಿನ ಗುಡ್ಡವೊಂದಕ್ಕೆ ಅಪ್ಪಳಿಸಿತು. ಒಳಗಿದ್ದ 158 ಮಂದಿಯಲ್ಲಿ 73 ಮಂದಿ ಸತ್ತರು. ತುರ್ತುಸ್ಥಿತಿ ಘೋಷಿಸದೇ ಹೋದದ್ದನ್ನು ಅಮೆರಿಕದ ತನಿಖೆ ಕಾರಣಗಳಲ್ಲಿ ಒಂದೆಂದು ದಾಖಲಿಸಿತು.

ನನ್ನ ತರಗತಿಯಲ್ಲಿ ಈ ಕತೆ ಹೇಳಿದಾಗ ಯಾರೂ ಆಶ್ಚರ್ಯಪಡುವುದಿಲ್ಲ. ಪ್ರತಿಯೊಬ್ಬರಿಗೂ ನಡುರಾತ್ರಿ ಫೋನ್ ಎತ್ತಿ, ‘ಸರ್, ಸ್ವಲ್ಪ ಬಂದು ನೋಡ್ತೀರಾ ಸರ್’ ಎಂದು ತೊದಲಿದ ಅನುಭವ ಇದೆ. ಆ ‘ಸ್ವಲ್ಪ’ದಲ್ಲಿ ಎಷ್ಟು ಭಯ ಇದೆ ಎಂಬುದು ಅವರಿಗೆ ಗೊತ್ತು, ಮಲಗಿದ್ದ ಡಾಕ್ಟರಿಗೆ ಗೊತ್ತಾಗುವುದಿಲ್ಲ.

ಇಂಗ್ಲಿಷಿನಿಂದ ನಾವು ಕಲಿಯಬೇಕಾದದ್ದು ಇರುವುದು ಇಲ್ಲೇ. ಅವಸರದ ನುಡಿಗಟ್ಟುಗಳ ಅಷ್ಟು ದೊಡ್ಡ ದಾಸ್ತಾನು ಇಟ್ಟುಕೊಂಡ ಆ ಜನ, ಜೀವದ ಪ್ರಶ್ನೆ ಬಂದಾಗ ಅವೆಲ್ಲವನ್ನೂ ಪಕ್ಕಕ್ಕಿಟ್ಟು ಲೆಕ್ಕಕ್ಕೆ ಇಳಿದರು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ‘ನ್ಯೂಸ್’ ಎಂಬ ಅಂಕಪಟ್ಟಿ ತಂದಿತು, 2017ರಲ್ಲಿ ಅದನ್ನು ಪರಿಷ್ಕರಿಸಿತು. ಉಸಿರಾಟ, ರಕ್ತದಲ್ಲಿನ ಆಮ್ಲಜನಕ, ರಕ್ತದೊತ್ತಡ, ನಾಡಿ, ಎಚ್ಚರ, ಜ್ವರ, ಈ ಆರಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ರೋಗಿ ಆಮ್ಲಜನಕದ ಮೇಲಿದ್ದರೆ ಇನ್ನೆರಡು ಸೇರಿಸಬೇಕು. ಮೊತ್ತ 5 ಆದರೆ ತುರ್ತಾಗಿ ವೈದ್ಯರು ನೋಡಬೇಕು. 7 ಮುಟ್ಟಿದರೆ ತುರ್ತುಸ್ಥಿತಿ, ಹಿರಿಯರ ತಂಡವೇ ಬರಬೇಕು.

ಇದನ್ನು ಹೇಗೆ ಹೇಳಬೇಕೆಂಬುದಕ್ಕೂ ಕ್ರಮವಿದೆ, ಎಸ್‌ಬಿಎಆರ್ ಎನ್ನುತ್ತಾರೆ. ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನಿಸುತ್ತದೆ, ನೀವೇನು ಮಾಡಬೇಕು. ಮೂಲತಃ ಇದು ಅಮೆರಿಕದ ನೌಕಾಪಡೆಯದು. ಹಡಗು ಬರೀ ಕೂಗುವುದನ್ನಲ್ಲ, ವರದಿ ಒಪ್ಪಿಸುವುದನ್ನೂ ಕಲಿಸಿದೆ. ತರಗತಿಯಲ್ಲಿ ಇದನ್ನು ಜೋಡಿ ಜೋಡಿಯಾಗಿ ಆಡಿಸುತ್ತೇನೆ. ಒಬ್ಬಳು ಡಾಕ್ಟರು, ಒಬ್ಬಳು ನರ್ಸು. ಶುರುವಿನಲ್ಲಿ ನರ್ಸು, ‘ಡಾಕ್ಟರ್, ಪ್ಲೀಸ್ ಕಮ್ ಫಾಸ್ಟ್, ಪೇಶೆಂಟ್ ಈಸ್ ವೆರಿ ಬ್ಯಾಡ್’ ಎನ್ನುತ್ತಾಳೆ. ಡಾಕ್ಟರ ಪಾತ್ರದವಳು ತಾನು ದಿನಾ ಕೇಳಿದ ದನಿಯಲ್ಲೇ, ‘ನೋಡ್ತೀನಿ, ಇಡು’ ಎಂದು ಫೋನ್ ಇಟ್ಟುಬಿಡುತ್ತಾಳೆ. ಎಲ್ಲರೂ ನಗುತ್ತಾರೆ.

ಆಮೇಲೆ ಅದೇ ಹುಡುಗಿಗೆ ಒಂದು ಚೀಟಿ ಕೊಡುತ್ತೇನೆ. ಈ ಬಾರಿ ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳುತ್ತಾಳೆ: ನಾನು ಐದನೇ ವಾರ್ಡಿನ ನರ್ಸ್. ರೋಗಿಗೆ ನಿನ್ನೆ ಹೊಟ್ಟೆಯ ಆಪರೇಷನ್ ಆಗಿದೆ. ಉಸಿರು ನಿಮಿಷಕ್ಕೆ 24, ಆಮ್ಲಜನಕ 93, ಮೇಲಿನ ಒತ್ತಡ 98, ನಾಡಿ 108, ಜ್ವರವಿಲ್ಲ, ಎಚ್ಚರವಿದ್ದಾರೆ. ಒಟ್ಟು 7. ನನಗೆ ಸೆಪ್ಸಿಸ್ ಎಂದು ಅನುಮಾನ. ನೀವು ಈಗಲೇ ಬಂದು ನೋಡಬೇಕು. ನೀವು ಬರುವಷ್ಟರಲ್ಲಿ ನಾನೇನು ಮಾಡಿರಲಿ?

ಎಲ್ಲೂ ‘ಬೇಗ’ ಇಲ್ಲ, ದನಿ ಎತ್ತಿದ್ದೂ ಇಲ್ಲ. ಆದರೆ ಡಾಕ್ಟರ ಪಾತ್ರದವಳಿಗೆ ಫೋನ್ ಇಡಲು ಆಗುವುದಿಲ್ಲ. 7 ಎಂದು ಕೇಳಿಸಿಕೊಂಡ ಮೇಲೂ ಮಲಗಿದರೆ ಅದು ದಾಖಲೆಯಲ್ಲಿ ಉಳಿಯುತ್ತದೆ. ಹೃದಯವೇ ನಿಂತರೆ ಇಷ್ಟು ಮಾತೂ ಬೇಡ. ಮೊದಲು ಇಂಗ್ಲೆಂಡಿನ ಒಂದೊಂದು ಆಸ್ಪತ್ರೆಯಲ್ಲಿ ಇದಕ್ಕೆ ಒಂದೊಂದು ಒಳ ಫೋನ್ ನಂಬರ್ ಇತ್ತು. 2004ರಲ್ಲಿ ಎಲ್ಲ ಕಡೆ 2222 ಇರಲಿ ಎಂದು ಸೂಚಿಸಲಾಯಿತು. ಆ ನಂಬರ್ ಒತ್ತುವ ಅಧಿಕಾರ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳಿಗೂ ಇದೆ.

ರೋಗಿಯ ಮನೆಯವರಿಗೆ? ಅವರಂತೂ ಈ ಏಣಿಯ ಕಟ್ಟಕಡೆಯ ಮೆಟ್ಟಿಲು. 2021ರಲ್ಲಿ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ ಸೈಕಲ್ಲಿನಿಂದ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟು ಮಾಡಿಕೊಂಡು ಲಂಡನ್ನಿನ ಆಸ್ಪತ್ರೆ ಸೇರಿದಳು, ಅಲ್ಲಿ ಸೆಪ್ಸಿಸ್ ಆಗಿ ತೀರಿಕೊಂಡಳು. ಮಗಳ ಸ್ಥಿತಿ ಕೆಡುತ್ತಿದೆ ಎಂದು ತಂದೆತಾಯಿ ಹೇಳುತ್ತಲೇ ಇದ್ದರು. ಬೇಗ ತೀವ್ರ ನಿಗಾ ಘಟಕಕ್ಕೆ ಸೇರಿಸಿದ್ದರೆ ಬಹುಮಟ್ಟಿಗೆ ಬದುಕುತ್ತಿದ್ದಳು ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಅವಳ ತಾಯಿ ಪಟ್ಟು ಹಿಡಿದು ನಡೆಸಿದ ಹೋರಾಟದಿಂದ 2024ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ‘ಮಾರ್ಥಾ ನಿಯಮ’ ಜಾರಿಗೆ ಬರತೊಡಗಿತು. ರೋಗಿ ಅಥವಾ ಮನೆಯವರು ನೇರವಾಗಿ ಫೋನ್ ಮಾಡಿ, ಬೇರೆ ತಂಡ ಬಂದು ಈಗಲೇ ಪರೀಕ್ಷಿಸಲಿ ಎಂದು ಕೇಳಬಹುದು. ಹರಿ ಅಪ್ ಎನ್ನಲು ಬಾಯಿ ಬಾರದವರ ಕೈಗೆ ಒಂದು ನಿಯಮ ಕೊಟ್ಟರು.

ಇದೆಲ್ಲ ಸೀಮೆಯಾಚೆಯ ಮಾತು ಎನ್ನಬೇಡಿ. ನಮ್ಮಲ್ಲೂ ಇಂಥದ್ದೊಂದು ಇದೆ, ನಾವೇ ಮರೆತಿದ್ದೇವೆ. ನಾಡಕಚೇರಿಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಅರ್ಜಿ ಕೊಟ್ಟು ‘ಸ್ವಲ್ಪ ಬೇಗ ಮಾಡ್ಕೊಡಿ ಸಾರ್’ ಎಂದು ಕೈಮುಗಿದು ನಿಂತವರು ಯಾರಿಲ್ಲ? ಫೈಲಿನ ಮೇಲೆ ‘ತುರ್ತು’, ‘ಅತಿ ತುರ್ತು’ ಎಂದು ಬರೆಯುವುದು ಅವರೊಳಗಿನ ವ್ಯವಹಾರ; ಅರ್ಜಿದಾರನ ಕೈಯಲ್ಲಿ ಆ ಚೀಟಿ ಇಲ್ಲ. 2011ರ ಸಕಾಲ ಕಾಯ್ದೆ, 2012ರ ಏಪ್ರಿಲ್‌ನಿಂದ ಜಾರಿಗೆ ಬಂದದ್ದು, ಕೊಟ್ಟದ್ದು ಅದನ್ನೇ. ಒಂದೊಂದು ಸೇವೆಗೂ ಇಷ್ಟೇ ದಿನ ಎಂದು ಗೊತ್ತುಮಾಡಿತು. ಅರ್ಜಿಗೆ ಒಂದು ನಂಬರ್ ಕೊಟ್ಟಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಅದನ್ನು ತಡ ಮಾಡಿದವರಿಂದಲೇ ವಸೂಲಿ. ‘ಇಂದು, ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ’ ಎಂಬುದು ಅದರ ಘೋಷಣೆ. 20 ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಕೈಮುಗಿದು ನಿಂತವನಿಗೆ, ‘ಸಾರ್, ನಿನ್ನೆಗೆ ದಿನ ಮುಗೀತು’ ಎನ್ನುವ ಹಕ್ಕು ಅದರಿಂದ ಬಂತು. ಬೇಸರವೆಂದರೆ, ನಾನು ಬಲ್ಲವರಲ್ಲಿ ಆ ಪರಿಹಾರ ಕೇಳಿದವರು ಒಬ್ಬರೂ ಇಲ್ಲ. ಕೇಳಿದರೆ ಮುಂದಿನ ಅರ್ಜಿಯ ಗತಿ ಏನು ಎಂಬ ಅಂಜಿಕೆ.

ಎಲ್ಲಕ್ಕೂ ನಂಬರ್ ಅಂಟಿಸಿದರೆ ಆಯಿತೇ ಎಂದು ಕೇಳುವವರಿದ್ದಾರೆ. ಆಗಲಿಲ್ಲ. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಎಂಬ ಜಾಹೀರಾತೂ ನಂಬರೇ. ಆದರೆ ಆ ಹತ್ತನ್ನು ಗೊತ್ತುಮಾಡಿದವರು ಎಸಿ ಕೋಣೆಯಲ್ಲಿ ಕೂತವರು, ಸಿಗ್ನಲ್ ಹಾರಿಸಿಕೊಂಡು ಬರುವವನು ಸ್ಕೂಟರಿನ ಹುಡುಗ. ಹೋಟೆಲಿನವರು ಪೊಟ್ಟಣ ಕೊಡಲು ತಡಮಾಡಿದರೆ ಅವನು ಅವರಿಗೆ ಏನೂ ಅನ್ನುವಂತಿಲ್ಲ. ಅದು ಹಳೆಯ ಚಾಪ್ ಚಾಪ್, ಗಡಿಯಾರ ಕಟ್ಟಿಕೊಂಡು ಬಂದಿದೆ ಅಷ್ಟೆ. ನ್ಯೂಸ್ ಅಂಕಪಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಒಂದರಲ್ಲಿ ನಂಬರ್ ಕೆಳಗಿನವಳ ಕೈಯಲ್ಲಿದೆ, ಇನ್ನೊಂದರಲ್ಲಿ ಅವನ ಬೆನ್ನ ಮೇಲಿದೆ.

ಮನೆಯೊಳಗೆ ಇದಾವುದೂ ಬೇಡ. ಶಾಲೆಯ ವ್ಯಾನ್ ಬಂದಾಗ ತಾಯಿ ‘ಲಗೂನ ಬಾರೋ’ ಎಂದು ಕೂಗಲಿ, ಸಂತೆಗೆ ಹೊರಟವರು ಬಿರಬಿರನೆ ಹೆಜ್ಜೆ ಹಾಕಿಸಲಿ. ಅಲ್ಲಿ ತಿರುಗಿ ‘ತಡಿಯಮ್ಮ’ ಅನ್ನಲು ಮಗುವಿಗೂ ಬಾಯಿದೆ. ತಿರುಗಿ ಅನ್ನಲು ಬಾಯಿಲ್ಲದ ಕಡೆಯೇ ನಿಯಮ ಬೇಕಾದದ್ದು.

ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ಜಿಲ್ಲೆಯ ಪ್ರತಿ ಆಸ್ಪತ್ರೆ, ನರ್ಸಿಂಗ್ ಹೋಮ್ ತನ್ನ ವಾರ್ಡಿನ ಗೋಡೆಗೆ ಒಂದು ಹಾಳೆ ಅಂಟಿಸಲಿ: ಈ ಅಂಕ ಮುಟ್ಟಿದರೆ ಇಂಥ ಡಾಕ್ಟರು ಇಷ್ಟು ನಿಮಿಷದಲ್ಲಿ ಬರಬೇಕು, ಕರೆದ ನರ್ಸಿಗೆ ಯಾರೂ ಬೈಯಬಾರದು. ರೋಗಿಯ ಮನೆಯವರು ಯಾರಿಗೆ ಫೋನ್ ಮಾಡಬೇಕೆಂಬ ನಂಬರೂ ಅದೇ ಹಾಳೆಯಲ್ಲಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಇರಲಿ. ಕಚೇರಿಗಳಲ್ಲಿ ಎಎಸ್‌ಎಪಿ ಎಂದು ಬರೆಯುವವರು ಗಂಟೆಯನ್ನೂ ಕಾರಣವನ್ನೂ ಜೊತೆಗೆ ಬರೆಯಲಿ. ಬಿಲ್ಲಿಗಾಗಿ ಕಾಯುವವನಿಗೂ ಒಂದು ತಾರೀಕು ಹೇಳಲಿ. ನಮ್ಮ ಹುಡುಗಿಯರು ಲೀಡ್ಸಿಗೋ ಲಿವರ್‌ಪೂಲಿಗೋ ಹೋಗಿ ಈ ಹಕ್ಕನ್ನು ಮೊದಲ ವಾರದಲ್ಲೇ ಕಲಿಯುತ್ತಾರೆ. ಇಲ್ಲಿಯೇ ಉಳಿಯುವ ಅವರ ಗೆಳತಿಯರಿಗೆ ಅದು ಸಿಗಲು ಪಾಸ್‌ಪೋರ್ಟ್ ಬೇಕಾಗಬಾರದು.